ಒಂದೇ ಮರಳು, ಎರಡು ಲೆಕ್ಕ: ಎರಡು ಶೇಕರ್‌ಗಳನ್ನು ಹೊಂದಿಸಿದ ನನ್ನ ಎರಡೂವರೆ ತಿಂಗಳು

ಮೇ ತಿಂಗಳ ಕೊನೆಯ ವಾರ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಕಾರವಾರದ ಸೈಟಿನಿಂದ ಫೋನ್ ಬಂತು. "ಮೇಡಂ, ನಿಮ್ಮ ಮರಳು ಜೋನ್ ಒಂದಕ್ಕೆ ಬರ್ತಾ ಇದೆ. ಮೂರು ಗಾಡಿ ಗೇಟಲ್ಲೇ ನಿಲ್ಲಿಸಿದ್ದೇವೆ."

ನಾನು ಅಂಕೋಲಾ ಹತ್ತಿರದ ಒಂದು ಕ್ರಷರ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಲ್ಲು ಒಡೆದು ಜಲ್ಲಿ, ಎಂ-ಸ್ಯಾಂಡ್ ಮಾಡುವ ಜಾಗ. ಆ ದಿನ ಬೆಳಿಗ್ಗೆ ನಾನೇ ಆ ಮರಳನ್ನು ಜರಡಿ ಹಿಡಿದಿದ್ದೆ. 600 ಮೈಕ್ರಾನ್ ಜರಡಿಯಿಂದ, ಅಂದರೆ 0.6 ಮಿಲಿಮೀಟರ್ ಕಣ್ಣಿನ ಜರಡಿಯಿಂದ, ಶೇ. 38 ಕೆಳಗಿಳಿದಿತ್ತು. ಅವರ ಲ್ಯಾಬಿನಲ್ಲಿ ಶೇ. 33. ಐದೇ ಐದು ವ್ಯತ್ಯಾಸ, ಅದಕ್ಕೇನು ಅನ್ನಬೇಡಿ. ಜಲ್ಲಿ, ಮರಳಿನ ಭಾರತೀಯ ಮಾನದಂಡ ಐಎಸ್ 383 ಮರಳನ್ನು ಕಾಳಿನ ದಪ್ಪದ ಮೇಲೆ ಜೋನ್‌ಗಳಾಗಿ ವಿಂಗಡಿಸುತ್ತದೆ, ಜೋನ್ ಒಂದು ಎಲ್ಲಕ್ಕಿಂತ ದಪ್ಪ. ಅದರ ಪ್ರಕಾರ 600 ಮೈಕ್ರಾನ್‌ನಲ್ಲಿ 35ರಿಂದ 59 ಇಳಿದರೆ ಜೋನ್ ಎರಡು, 15ರಿಂದ 34 ಇಳಿದರೆ ಜೋನ್ ಒಂದು. ಬೇರೆ ಜರಡಿಗಳಲ್ಲಿ ಒಂದೊಂದರಲ್ಲಿ ಶೇ. 5ರವರೆಗೆ, ಎಲ್ಲ ಸೇರಿ ಶೇ. 10ರವರೆಗೆ ಆಚೀಚೆ ಆದರೆ ನಡೆಯುತ್ತದೆ. 600ರಲ್ಲಿ ಮಾತ್ರ ಆ ವಿನಾಯಿತಿ ಇಲ್ಲ. ಅವರ ಕಾಂಕ್ರೀಟ್ ಮಿಕ್ಸ್ ಜೋನ್ ಎರಡಕ್ಕೆ ಮಾಡಿದ್ದು. ಹಾಗಾಗಿ ಗಾಡಿ ವಾಪಸ್.

ಅಲ್ಲಿಂದ ಶುರುವಾದದ್ದು ಮುಗಿದದ್ದು ಆಗಸ್ಟ್ ಎರಡನೇ ವಾರಕ್ಕೆ. ಎರಡು ಲ್ಯಾಬ್, ಎರಡು ವೈಬ್ರೇಟಿಂಗ್ ಶೇಕರ್ (ಒಂದರ ಮೇಲೊಂದು ಜೋಡಿಸಿದ ಜರಡಿಗಳನ್ನು ಅಲುಗಾಡಿಸುವ ಮಿಷನ್), ಒಂದೇ ಮರಳು. ಎರಡೂ ಕಡೆ ಒಂದೇ ಅಂಕಿ ಬರುವಂತೆ ಮಾಡುವುದಕ್ಕೆ ಎಷ್ಟು ಓಡಾಟ, ಎಷ್ಟು ಕಾಗದ, ಎಷ್ಟು ಖರ್ಚು ಅಂತ ನನಗೆ ಮೊದಲು ಯಾರಾದರೂ ಹೇಳಿದ್ದರೆ ಅರ್ಧ ಸಮಯ ಉಳಿಯುತ್ತಿತ್ತು. ಕರಾವಳಿಯಲ್ಲಿ ಈಗ ಊರಿಗೊಂದು ಸೈಟ್ ಲ್ಯಾಬ್ ಇದೆ. ನನ್ನ ಹಾಗೆ ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳುವವರು ಇನ್ನೂ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ನಮ್ಮ ಮಾಲೀಕರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಅವರ ಮಿಷನ್ ಸೆಟ್ಟಿಂಗ್ ಎಷ್ಟು?" ಫೋನ್ ಮಾಡಿ ಕೇಳಿದೆ. ಹತ್ತು ನಿಮಿಷ, ಆಂಪ್ಲಿಟ್ಯೂಡ್ (ಜರಡಿ ಎಷ್ಟು ಮಿಲಿಮೀಟರ್ ಆಡಬೇಕು ಅನ್ನುವುದು) 1.5. ನಮ್ಮದೂ ಹತ್ತು ನಿಮಿಷ, 1.5. "ಎರಡೂ ಒಂದೇ ಇದ್ದ ಮೇಲೆ ರಿಸಲ್ಟ್ ಬೇರೆ ಹೇಗೆ ಬರುತ್ತೆ? ಅವರೇ ಏನೋ ತಪ್ಪು ಮಾಡಿದ್ದಾರೆ" ಅಂದರು. ನನಗೂ ಹಾಗೇ ಅನ್ನಿಸಿತು. ಆ ಎರಡು 1.5 ಒಂದೇ ಅಲ್ಲ ಅಂತ ಗೊತ್ತಾಗಲು ನನಗೆ ಏಳು ವಾರ ಬೇಕಾಯಿತು.

ಜಂಟಿ ಪರೀಕ್ಷೆ ಮಾಡೋಣ ಅಂತ ಪತ್ರ ಬರೆದೆವು. ಬಾಯಿ ಮಾತಿನಲ್ಲಿ ಒಪ್ಪಿದರೂ ಸೈಟ್ ಲ್ಯಾಬಿನ ಒಳಗೆ ಹೋಗಲು ಲಿಖಿತ ಅನುಮತಿ ಬೇಕು ಅಂದರು. ಪತ್ರದ ಜೊತೆ ನಮ್ಮ ಟೆಸ್ಟ್ ರಿಪೋರ್ಟ್, ತಕ್ಕಡಿಯ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್, ಜರಡಿಗಳ ಸರ್ಟಿಫಿಕೇಟ್, ನನ್ನ ಗುರುತಿನ ಚೀಟಿ ಕೇಳಿದರು. ತಕ್ಕಡಿಯದ್ದು ಇತ್ತು. ಜರಡಿಯದ್ದು ಕೊಂಡಾಗ ಬಂದ ಕಾಗದ ಮಾತ್ರ, ನಾಲ್ಕು ವರ್ಷ ಹಳೆಯದು. ಇದ್ದದ್ದನ್ನೇ ಕೊಟ್ಟೆ. ಅನುಮತಿಗೆ 11 ದಿನ ಕಾದೆ. ಆ 11 ದಿನ ಆ ಸೈಟಿಗೆ ನಮ್ಮ ಮರಳು ಹೋಗಲಿಲ್ಲ. ಲಾರಿ ಡ್ರೈವರ್‌ಗಳು ಲ್ಯಾಬಿನ ಮುಂದೆ ಹಾದು ಹೋಗುವಾಗೆಲ್ಲ "ಅಕ್ಕಾ, ಏನಾಯ್ತು?" ಅಂತ ಕೇಳುತ್ತಿದ್ದರು. ಏನು ಹೇಳಲಿ?

ಇಲ್ಲೇ ಒಂದು ಮಾತು. ಪತ್ರ ಬರೆಯುವಾಗ "ಜಂಟಿ ಪರೀಕ್ಷೆ" ಅಂತ ಮಾತ್ರ ಬರೆಯಬೇಡಿ. ಯಾವ ಸ್ಯಾಂಪಲ್, ಯಾರು ತೆಗೆಯುವುದು, ಹೇಗೆ ಪಾಲು ಮಾಡುವುದು, ಎಷ್ಟು ಗ್ರಾಂ, ಎಷ್ಟು ನಿಮಿಷ, ಎಲ್ಲವನ್ನೂ ಬರೆಯಿರಿ. ನಾನು ಬರೆಯಲಿಲ್ಲ. ಮೊದಲ ಸಲ ಹೋದ ದಿನ ಅರ್ಧ ದಿನ ಅದರ ಚರ್ಚೆಯಲ್ಲೇ ಹೋಯಿತು.

ಜೂನ್ ಎರಡನೇ ವಾರ ಬಸ್ ಹತ್ತಿ ಹೊರಟೆ. ಮಳೆ ಹಿಡಿದಿತ್ತು. ಅವರ್ಸಾ ದಾಟುವಷ್ಟರಲ್ಲಿ ಹೊರಗೆ ಏನೂ ಕಾಣದಷ್ಟು ಸುರಿಯಿತು. ಬಿಣಗಾ ಸುರಂಗ ದಾಟಿ ಕಾರವಾರ ಮುಟ್ಟಿದಾಗ ಚೂಡಿದಾರದ ಅಂಚು ಮೊಣಕಾಲವರೆಗೆ ಒದ್ದೆ. ಸೈಟ್ ಲ್ಯಾಬ್ ಅಂದರೆ ಒಂದು ಕಂಟೇನರ್. ಒಳಗೆ ಚೊಕ್ಕವಾಗಿತ್ತು. ಲ್ಯಾಬ್ ಇಂಜಿನಿಯರ್ ಚಿಕ್ಕ ವಯಸ್ಸಿನವರು, ಗೌರವದಿಂದಲೇ ಮಾತಾಡಿಸಿದರು. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದ ನನಗೆ ಸ್ವಲ್ಪ ಸಮಾಧಾನ ಆಯಿತು.

ಸ್ಯಾಂಪಲ್ ಹೇಗೆ ತೆಗೆಯುತ್ತೀರಿ ಅಂತ ಕೇಳಿದೆ. ಲಾರಿ ಮರಳು ಸುರಿದ ಮೇಲೆ ರಾಶಿಯ ಬುಡದಿಂದ ಸಲಿಕೆಯಲ್ಲಿ ತೆಗೆಯುತ್ತಾರಂತೆ. ಮೊದಲ ಎಳೆ ಅಲ್ಲೇ ಸಿಕ್ಕಿತು. ಮರಳು ರಾಶಿ ಬೀಳುವಾಗ ದಪ್ಪ ಕಾಳು ಉರುಳಿ ಬುಡಕ್ಕೆ ಬರುತ್ತದೆ, ಪುಡಿ ನಡುವೆ ಉಳಿಯುತ್ತದೆ. ಬುಡದಿಂದ ತೆಗೆದರೆ ಮರಳು ಇರುವುದಕ್ಕಿಂತ ದಪ್ಪ ಅಂತಲೇ ಕಾಣುತ್ತದೆ. ರಾಶಿಯ ಬೇರೆ ಬೇರೆ ಕಡೆಯಿಂದ, ಮೇಲ್ಪದರ ಸರಿಸಿ ಒಳಗಿನಿಂದ ತೆಗೆದು, ಒಟ್ಟು ಮಾಡಿ, ಆಮೇಲೆ ಪಾಲು ಮಾಡಬೇಕು. ನಮ್ಮಲ್ಲಿ ರಿಫಲ್ ಬಾಕ್ಸ್ ಇದೆ. ಮರಳು ಸುರಿದರೆ ಒಂದು ಸಂದಿ ಎಡಕ್ಕೆ, ಮುಂದಿನ ಸಂದಿ ಬಲಕ್ಕೆ ಹಾಕಿ ಸರಿಯಾಗಿ ಎರಡು ಪಾಲು ಮಾಡುತ್ತದೆ. ಅವರಲ್ಲಿ ಇರಲಿಲ್ಲ. ಮುಂದಿನ ವಾರ ನಮ್ಮದನ್ನೇ ಕಾರಿನಲ್ಲಿ ತಂದು ಅವರ ಎದುರಿಗೇ ಪಾಲು ಮಾಡಿದೆ. ಒಂದು ಪಾಲು ಅವರಿಗೆ, ಒಂದು ನನಗೆ, ಎರಡು ಪಾಲು ಸೀಲ್ ಮಾಡಿ ಇಬ್ಬರ ಸಹಿ ಹಾಕಿ ಕಾಯ್ದಿಟ್ಟೆವು.

ಈ ಸಲ ನಮ್ಮಲ್ಲಿ 38, ಅವರಲ್ಲಿ 34. ಒಂದು ಅಂಶ ಹತ್ತಿರ ಬಂದೆವು. ಇನ್ನೂ ನಾಲ್ಕು ಉಳಿದಿತ್ತು. ಮನಸ್ಸು ಕುಸಿಯಿತು. ಸ್ಯಾಂಪಲ್ ಒಂದರಲ್ಲೇ ಎಲ್ಲ ಸರಿಹೋಗುತ್ತದೆ ಅಂತ ಮಾಲೀಕರಿಗೆ ಹೇಳಿ ಬಂದಿದ್ದೆ.

ಆಮೇಲೆ ತೇವ. ಮಳೆಗಾಲದ ಕರಾವಳಿಯಲ್ಲಿ ಇದನ್ನು ಬಿಟ್ಟು ಮಾತಾಡುವ ಹಾಗೇ ಇಲ್ಲ. ಸ್ಯಾಂಪಲ್ ಅನ್ನು ಎರಡೂ ಕಡೆ ಓವನ್‌ನಲ್ಲಿ 100ರಿಂದ 110 ಡಿಗ್ರಿಯಲ್ಲಿ ಒಣಗಿಸುತ್ತಿದ್ದೆವು. ತಣ್ಣಗಾಗಲು ಅವರು ಟ್ರೇಯಲ್ಲಿ ಹಾಗೇ ತೆರೆದಿಡುತ್ತಿದ್ದರು. ಒಂದು ದಿನ ನಾನೂ ಹಾಗೇ ಇಟ್ಟು ನೋಡಿದೆ. 500 ಗ್ರಾಂ ಮರಳು ಒಂದು ಗಂಟೆಯಲ್ಲಿ ಒಂದೂವರೆ ಗ್ರಾಂ ಭಾರ ಏರಿತು. ಅಷ್ಟು ನೀರು ಗಾಳಿಯಿಂದಲೇ ಬಂದದ್ದು. ತೂಕದಲ್ಲಿ ಅದು ಸಣ್ಣದು. ಆದರೆ ಎಂ-ಸ್ಯಾಂಡ್‌ನ ಕಲ್ಲಿನ ಪುಡಿ ಆ ತೇವಕ್ಕೆ ದಪ್ಪ ಕಾಳಿಗೆ ಅಂಟಿಕೊಳ್ಳುತ್ತದೆ, ಜರಡಿಯಲ್ಲಿ ಸಣ್ಣ ಉಂಡೆ ಕಟ್ಟುತ್ತದೆ. ಕೆಳಗಿಳಿಯಬೇಕಾದದ್ದು ಮೇಲೇ ಕೂರುತ್ತದೆ. ಈಗ ಇಬ್ಬರೂ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತಣಿಸುತ್ತೇವೆ. ಕೈಗೆ ಬಿಸಿ ತಾಗದಷ್ಟು ಆದ ಕೂಡಲೇ ಜರಡಿಗೆ. ಜರಡಿಗಳೂ ಒಣಗಿರಬೇಕು ಅನ್ನುವುದನ್ನು ಮರೆಯಬೇಡಿ. ತೊಳೆದ ಜರಡಿಯ ಚೌಕಟ್ಟಿನ ಸಂದಿಯಲ್ಲಿ ನೀರು ಉಳಿದಿರುತ್ತದೆ.

ಜೂನ್ ಕೊನೆಗೆ ನಮ್ಮ ಊರಿನ ಹಿರಿಯರೊಬ್ಬರನ್ನು ಕಂಡೆ. ಎಷ್ಟೋ ವರ್ಷ ರಸ್ತೆ, ಸೇತುವೆ ಕೆಲಸಗಳ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಎಲ್ಲರೂ ಮಾಸ್ತರ್ ಅಂತ ಕರೆಯುತ್ತಾರೆ. ಶೇಕರ್ ಇಲ್ಲದ ಕಾಲದಲ್ಲಿ ಕೈಯಲ್ಲೇ ಜರಡಿ ಆಡಿಸಿದವರು. ನಮ್ಮ ಲ್ಯಾಬಿಗೆ ಬಂದು, ಸ್ಟೂಲ್ ಎಳೆದುಕೊಂಡು ಕೂತು, ನಾನು ಶೇಕರ್ ನಿಲ್ಲಿಸಿ ಜರಡಿಗಳನ್ನು ಬಿಡಿಸುವುದನ್ನು ನೋಡಿದರು. 1.18 ಮಿಲಿಮೀಟರ್ ಜರಡಿಯನ್ನು ಎತ್ತಿ ಕೈಯಲ್ಲಿ ಹಿಡಿದರು.

"ಇದರಲ್ಲಿ ಎಷ್ಟಿದೆ ತಂಗಿ?"

"120 ಗ್ರಾಂ, ಮಾಸ್ತರ್."

"ಮನೇಲಿ ಅಕ್ಕಿ ಹಿಟ್ಟು ಸಾಣಿಸ್ತೀಯಲ್ಲ, ಸಾಣಿಗೆ ತುಂಬ ಹಾಕ್ತೀಯಾ?"

ಇಲ್ಲ. ಹಾಕಿದರೆ ಕೆಳಗಿನ ಹಿಟ್ಟಷ್ಟೇ ಇಳಿಯುತ್ತದೆ, ಮೇಲಿನದು ಹಾಗೇ ಗಿರಗಿರ ತಿರುಗುತ್ತದೆ. ಜಲ್ಲಿ, ಮರಳು ಪರೀಕ್ಷಿಸುವ ವಿಧಾನ ಹೇಳುವ ಐಎಸ್ 2386ರ ಮೊದಲ ಭಾಗದಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. 20 ಸೆಂಟಿಮೀಟರ್ ಜರಡಿಯ ಮೇಲೆ ಕೊನೆಗೆ ಉಳಿಯುವ ಮರಳು 1.18ರಲ್ಲಿ 100 ಗ್ರಾಂ, 600 ಮೈಕ್ರಾನ್‌ನಲ್ಲಿ 75, 300ರಲ್ಲಿ 50, 150ರಲ್ಲಿ 40 ದಾಟಬಾರದು. ಆ ಪಟ್ಟಿಯನ್ನು ನಾನು ಓದಿದ್ದೆ. ಓದಿ ಪರೀಕ್ಷೆ ಬರೆದು ಪಾಸೂ ಆಗಿದ್ದೆ. ನಮ್ಮ 500 ಗ್ರಾಂ ಸ್ಯಾಂಪಲ್‌ನಲ್ಲಿ ನಾಲ್ಕೂ ಜರಡಿ ಮಿತಿ ಮೀರಿದ್ದವು. ಕಾರವಾರದಲ್ಲಿ ಹಾಕುತ್ತಿದ್ದದ್ದು ಒಂದು ಕಿಲೋ! ಅಂದರೆ 1.18ರ ಮೇಲೆ ಸುಮಾರು 240 ಗ್ರಾಂ. ಅಷ್ಟು ದಪ್ಪ ಪದರದಲ್ಲಿ ಮೇಲಿನ ಕಾಳಿಗೆ ಜರಡಿಯ ಕಣ್ಣು ಮುಟ್ಟುವ ಅವಕಾಶವೇ ಇಲ್ಲ.

ಪರಿಹಾರ ಸುಲಭ. 500 ಗ್ರಾಂ ಅನ್ನು ರಿಫಲ್ ಬಾಕ್ಸ್‌ನಲ್ಲಿ 250-250 ಮಾಡಿ. ಎರಡು ಸಲ ಓಡಿಸಿ. ಆಯಾ ಜರಡಿಯ ತೂಕ ಕೂಡಿಸಿ. ಸಮಯ ಜಾಸ್ತಿ ಬೇಕು, ಬೇರೆ ಖರ್ಚಿಲ್ಲ.

ಅವತ್ತೇ ಮಾಸ್ತರ್ ಒಂದು ಪಾಲನ್ನು ಕೈಯಲ್ಲಿ ಜರಡಿ ಹಿಡಿದು ತೋರಿಸಿದರು. ಹಿಂದೆ ಮುಂದೆ, ಎಡ ಬಲ, ಗಡಿಯಾರದ ದಿಕ್ಕಿಗೆ, ಅದರ ವಿರುದ್ಧ, ನಡುನಡುವೆ ಅಂಗೈಯಿಂದ ಚೌಕಟ್ಟಿಗೆ ಒಂದು ತಟ್ಟು. ಒಂದೊಂದು ಜರಡಿಯನ್ನೂ ಬಿಳಿ ಕಾಗದದ ಮೇಲೆ ಎರಡು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಆಡಿಸಿದರು. ಕಾಗದದ ಮೇಲೆ ಹೊಸ ಪುಡಿ ಬೀಳುವುದು ನಿಂತ ಮೇಲೆ ಮುಂದಿನದು. ಒಂದು ಸಲವೂ ಬೆರಳಲ್ಲಿ ಒತ್ತಲಿಲ್ಲ. ಮುಗಿಯಲು ನಲವತ್ತು ನಿಮಿಷ ಆಯಿತು. 600 ಮೈಕ್ರಾನ್‌ನಲ್ಲಿ 38.4 ಬಂತು. "ಎರಡು ಮಿಷನ್ ಜಗಳ ಆಡಿದರೆ ಕೈ ನ್ಯಾಯ ಹೇಳಬೇಕು" ಅಂದರು. ನಿಯಮಾವಳಿಯೂ ವಿವರಿಸುವುದು ಕೈ ಜರಡಿಯ ಈ ಚಲನೆಯನ್ನೇ. ನಿಮ್ಮ ಮಿಷನ್ ಸರಿ ಇದೆಯೋ ಅಂತ ಅನುಮಾನ ಬಂದರೆ ಮೊದಲು ಕೈಯಲ್ಲಿ ಮಾಡಿ ನೋಡಿ. ಸುಮ್ನೆ ಡಯಲ್ ತಿರುಗಿಸುತ್ತಾ ಕೂರಬೇಡಿ.

ಕಾರವಾರದವರೂ ಒಂದು ಕಿಲೋ ಬಿಟ್ಟು 250ಕ್ಕೆ ಬಂದರು. ಡಬ್ಬಿಯಲ್ಲಿ ತಣಿಸಿದರು. ಅವರ ಅಂಕಿ 36ಕ್ಕೆ ಏರಿತು. ಜೋನ್ ಎರಡಕ್ಕೆ ಬಂತು, ಗಾಡಿ ಬಿಡಿ ಅಂತ ನಮ್ಮ ಮಾಲೀಕರು ಪಟ್ಟು ಹಿಡಿದರು. ಲ್ಯಾಬ್ ಇಂಜಿನಿಯರ್ ಒಪ್ಪಲಿಲ್ಲ. "ಇಬ್ಬರ ನಡುವೆ ಇನ್ನೂ ಎರಡೂವರೆ ವ್ಯತ್ಯಾಸ ಇದೆ ಮೇಡಂ. ನಾಳೆ 35 ಬಂದರೆ, 34 ಬಂದರೆ? ಕಾರಣ ಸಿಗೋವರೆಗೂ ನೋಡೋಣ." ಅವತ್ತು ಅವರ ಮೇಲೆ ಸಿಟ್ಟು ಬಂತು. ಈಗ ಅವರು ಹೇಳಿದ್ದೇ ಸರಿ ಅನ್ನುತ್ತೇನೆ.

ಇನ್ನು ಉಳಿದದ್ದು ಮಿಷನ್. ಇದಕ್ಕೇ ಜಾಸ್ತಿ ದಿನ ಹಿಡಿಯಿತು.

ನಮ್ಮ ಶೇಕರ್‌ನ ಜರಡಿ ಹಿಡಿಕೆಯ ಪಕ್ಕ ಒಂದು ಪುಟ್ಟ ಸ್ಟಿಕ್ಕರ್ ಇದೆ. ಉದ್ದನೆಯ ಚೂಪು ತ್ರಿಕೋನ, ಕೆಳಗೆ ಅಂಕಿಗಳು. ನಾಲ್ಕು ವರ್ಷ ಅದನ್ನು ಕಂಪನಿಯ ಗುರುತು ಅಂದುಕೊಂಡಿದ್ದೆ. ಅದು ಅಳತೆಪಟ್ಟಿ. ಮಿಷನ್ ಓಡುವಾಗ ಕಣ್ಣಿಗೆ ತ್ರಿಕೋನ ಎರಡಾಗಿ ಕಾಣುತ್ತದೆ, ಒಂದು ಮೇಲೆ, ಒಂದು ಕೆಳಗೆ. ಎರಡರ ಗೆರೆಗಳು ಒಂದನ್ನೊಂದು ದಾಟುವ ಜಾಗ ನಿಂತ ಹಾಗೆ ಕಾಣುತ್ತದೆ. ಅದರ ನೇರಕ್ಕಿರುವ ಅಂಕಿಯೇ ಜರಡಿ ಮೇಲಿನಿಂದ ಕೆಳಗಿನವರೆಗೆ ಎಷ್ಟು ಮಿಲಿಮೀಟರ್ ಆಡುತ್ತಿದೆ ಅನ್ನುವುದು. ಮುಖ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ ನೋಡಿದೆ. ಸರಿಯಾಗಿ 1.5.

ಅಂಥದ್ದೇ ಸ್ಟಿಕ್ಕರ್ ಒಂದನ್ನು ತರಿಸಿ ಕಾರವಾರದ ಮಿಷನ್‌ಗೆ ಅಂಟಿಸಿದೆವು. ಅವರ ಡಯಲ್ 1.5ರಲ್ಲೇ ಇತ್ತು. ಸ್ಟಿಕ್ಕರ್ ತೋರಿಸಿದ್ದು 0.9. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವರ ಡಯಲ್ ಒಳಗಿನ ಅಯಸ್ಕಾಂತಕ್ಕೆ ಹೋಗುವ ಕರೆಂಟ್ ಹೆಚ್ಚು ಕಡಿಮೆ ಮಾಡುತ್ತದೆ ಅಷ್ಟೇ. ಜರಡಿ ನಿಜಕ್ಕೂ ಎಷ್ಟು ಜಿಗಿಯುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಖಾಲಿ ಇದ್ದಾಗ ಒಂದು, ಏಳು ಜರಡಿ ಮತ್ತು ಮರಳು ಹೇರಿದಾಗ ಇನ್ನೊಂದು, ವೋಲ್ಟೇಜ್ ಬಿದ್ದಾಗ ಮತ್ತೊಂದು. ಮೇಲಿನ ಬಿಗಿಯುವ ನಟ್ ಸಡಿಲ ಇದ್ದರೂ ಆಟ ಬದಲಾಗುತ್ತದೆ.

ವೋಲ್ಟೇಜ್ ಅಂದಾಗ ಇನ್ನೊಂದು ವಿಷಯ ಹೊರಬಂತು. ಆ ಕಂಟೇನರ್‌ಗೆ ಕರೆಂಟ್ ಬರುತ್ತಿದ್ದದ್ದು ಡೀಸೆಲ್ ಜನರೇಟರ್‌ನಿಂದ. ಸೈಟಿನ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ತಂದು ಪ್ಲಗ್ಗಿಗೆ ಹಿಡಿದರು. 47.5 ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ ಅಷ್ಟು ಸಲ ಮಿಡಿಯುತ್ತದೆ. ಹೊರಗೆ ದೊಡ್ಡ ಮೋಟರ್ ಶುರುವಾದಾಗ ಇನ್ನೂ ಇಳಿಯುತ್ತಿತ್ತು. ನಮ್ಮಲ್ಲಿ ಲೈನಿನ ಕರೆಂಟ್, 50 ಹರ್ಟ್ಸ್. ಇಂಥ ಶೇಕರ್‌ಗಳು ಕರೆಂಟಿನ ತಾಳಕ್ಕೇ ಕುಣಿಯುತ್ತವೆ. 50 ಹರ್ಟ್ಸ್ ಅಂದರೆ ನಮ್ಮ ಮಿಷನ್ ನಿಮಿಷಕ್ಕೆ 3000 ಸಲ ಆಡುತ್ತದೆ. ತಾಳ ನಿಧಾನವಾದರೆ ಜರಡಿ ಕಾಳನ್ನು ಎಸೆಯುವ ಜೋರೂ ಇಳಿಯುತ್ತದೆ.

ಈ ಜೋರನ್ನು ಅಳೆಯಲು ಒಂದು ಸುಲಭ ಲೆಕ್ಕ ಇದೆ. ಇದನ್ನು ಬರೆದಿಟ್ಟುಕೊಳ್ಳಿ. ಸ್ಟಿಕ್ಕರ್ ಅಂಕಿಯ ಅರ್ಧ ತೆಗೆದುಕೊಳ್ಳಿ. ಅದನ್ನು ಹರ್ಟ್ಸ್‌ನಿಂದ ಎರಡು ಸಲ ಗುಣಿಸಿ. 250ರಿಂದ ಭಾಗಿಸಿ. ಬರುವ ಉತ್ತರ, ಭೂಮಿಯ ಎಳೆತದ ಎಷ್ಟು ಪಟ್ಟು ಜೋರಿನಲ್ಲಿ ಜರಡಿ ಕಾಳನ್ನು ಎಸೆಯುತ್ತದೆ ಅನ್ನುವುದು. ಅದನ್ನೇ "ಜಿ" ಅನ್ನುತ್ತಾರೆ. ನಮ್ಮದು 0.75 × 50 × 50 ÷ 250, ಅಂದರೆ 7.5 ಜಿ. ಅವರದ್ದು 0.45 × 47.5 × 47.5 ÷ 250, ಅಂದರೆ ಸುಮಾರು 4 ಜಿ. ಕಾಗದದಲ್ಲಿ ಇಬ್ಬರದ್ದೂ 1.5. ನಿಜದಲ್ಲಿ ಅವರ ಜರಡಿ ನಮ್ಮದರ ಅರ್ಧದಷ್ಟು ಜೋರಿನಲ್ಲಿ ಆಡುತ್ತಿತ್ತು.

ಆ ಲೆಕ್ಕ ಕಂಟೇನರ್‌ನ ವೈಟ್‌ಬೋರ್ಡ್ ಮೇಲೆ ಬಂದಾಗ ನನಗೆ ಗಂಟಲು ಕಟ್ಟಿತು. ಏಳು ವಾರ ಹುಡುಕಿದ್ದು ಅದೇ.

ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್. ಅಲ್ಲಿ ಅದೇ 1.5 ಇಟ್ಟರೆ 10.8 ಜಿ ಆಗುತ್ತದೆ. ಹಾಗಾಗಿ ವಿದೇಶದ ಪದ್ಧತಿಯ ಪುಸ್ತಕದಲ್ಲಿ ಬರೆದ ಮಿಲಿಮೀಟರ್ ಸೆಟ್ಟಿಂಗ್ ಅನ್ನು ಇಲ್ಲಿ ಹಾಗೇ ಹಾಕಿದರೆ ಹೊಂದುವುದಿಲ್ಲ. ಹೊಸ ಡಿಜಿಟಲ್ ಶೇಕರ್‌ಗಳಲ್ಲಿ ಕೆಲವು ಜಿಯಲ್ಲೇ ಸೆಟ್ ಮಾಡಲು ಬಿಡುವುದು ಇದಕ್ಕಾಗಿಯೇ. ಇನ್ನೊಂದು ತೊಡಕೂ ಇದೆ. ಆಂಪ್ಲಿಟ್ಯೂಡ್ ಅಂದರೆ ಕೆಲವರು ಪೂರ್ತಿ ಎತ್ತರ ಹೇಳುತ್ತಾರೆ, ಕೆಲವರು ನಡುವಿನಿಂದ ಮೇಲಕ್ಕೆ, ಅಂದರೆ ಅರ್ಧ. ಯಾರಾದರೂ ಸೆಟ್ಟಿಂಗ್ ಹೇಳಿದರೆ ಯಾವುದು ಅಂತ ಕೇಳಲೇಬೇಕು.

ಇಷ್ಟು ದಿನ ಯಾಕೆ ಇದು ಗೊತ್ತಾಗಲಿಲ್ಲ ಅಂತ ಯೋಚಿಸಿದೆ. ಮೊದಲು ಆ ಸೈಟಿನಲ್ಲಿ ಹೊಳೆ ಮರಳು ಬಳಸುವಾಗ ಈ ತಕರಾರು ಬಂದಿರಲಿಲ್ಲವಂತೆ. ಹೊಳೆ ಮರಳಿನ ಕಾಳು ನೀರಲ್ಲಿ ಉರುಳಿ ಉರುಳಿ ದುಂಡಗಾಗಿರುತ್ತದೆ, ಹೇಗೆ ಬಿದ್ದರೂ ಕಣ್ಣಿನಿಂದ ಇಳಿಯುತ್ತದೆ. ಎಂ-ಸ್ಯಾಂಡ್ ಕಾಳು ಚಪ್ಪಟೆ, ಮೊನಚು. ಅದು ಎದ್ದು ನಿಂತು, ಸರಿಯಾದ ಕೋನದಲ್ಲಿ ಬಿದ್ದರೆ ಮಾತ್ರ ಇಳಿಯುತ್ತದೆ. ಜರಡಿ ಮೆಲ್ಲಗೆ ಆಡಿದರೆ ಅಂಗಾತ ಮಲಗಿಯೇ ಇರುತ್ತದೆ. ಒಡೆದ ಮರಳಿಗೆ ಮಿಷನ್‌ನ ಜೋರು ಜಾಸ್ತಿ ಮುಖ್ಯ.

ಹಾಗಂತ ಡಯಲ್ ಪೂರ್ತಿ ಏರಿಸಬೇಡಿ. ನಾನು ನಮ್ಮಲ್ಲಿ 1.0, 1.25, 1.5, 1.75, 2.0 ಇಟ್ಟು, ಪ್ರತಿ ಸಲ ಸಮ ಪಾಲಿನ ಮರಳು ಹಾಕಿ ಐದೈದು ನಿಮಿಷ ಓಡಿಸಿದೆ. 1.5ರವರೆಗೆ ಇಳಿದ ಮರಳು ಹೆಚ್ಚುತ್ತಾ ಹೋಯಿತು. 1.75ರಲ್ಲಿ ಅಷ್ಟೇ. 2.0ರಲ್ಲಿ ಕಡಿಮೆ ಆಯಿತು. ಕಾಳು ತೀರಾ ಎತ್ತರ ಹಾರಿದರೆ ಗಾಳಿಯಲ್ಲೇ ಹೊತ್ತು ಕಳೆಯುತ್ತದೆ, ಜರಡಿ ಮುಟ್ಟುವುದು ಕಡಿಮೆ. ನಿಮ್ಮ ಮರಳಿಗೆ ಯಾವುದು ಸರಿ ಅಂತ ನೀವೇ ಹೀಗೆ ಒಂದು ಮಧ್ಯಾಹ್ನ ಕೂತು ನೋಡಬೇಕು.

ಸಮಯವೂ ಹಾಗೆಯೇ. ಹತ್ತು ನಿಮಿಷ ಅನ್ನುವುದು ರೂಢಿ. ಜರ್ಮನಿಯ ಡಿಐಎನ್ 66165 ಹೇಳುವ ಅಳತೆ ನನಗೆ ಹಿಡಿಸಿತು. ಇನ್ನೂ ಒಂದು ನಿಮಿಷ ಓಡಿಸಿದಾಗ ಹಾಕಿದ ಮರಳಿನ ಶೇ. 0.1ಕ್ಕಿಂತ ಕಡಿಮೆ ಇಳಿದರೆ ಆಟ ಮುಗಿಯಿತು. 250 ಗ್ರಾಂಗೆ ಅದು ಕಾಲು ಗ್ರಾಂ. ನಮ್ಮಲ್ಲಿ ಅಲ್ಲಿಗೆ ಮುಟ್ಟಲು 12 ನಿಮಿಷ ಬೇಕಾಯಿತು. ಇಬ್ಬರೂ 15 ನಿಮಿಷ ಅಂತ ನಿಗದಿ ಮಾಡಿಕೊಂಡೆವು.

ಕಾರವಾರದ ಶೇಕರ್‌ಗೆ ಲೈನಿನ ಕರೆಂಟ್ ಕೊಡಿಸಲು ಮತ್ತೆ ಒಂಬತ್ತು ದಿನ. ಪಕ್ಕದ ಆಫೀಸಿನಿಂದ ಕೇಬಲ್ ಎಳೆದು, ಸ್ಟೆಬಿಲೈಜರ್ ಹಾಕಿ, ಜರಡಿ ಮತ್ತು ಮರಳು ಹೇರಿದ ಮೇಲೆ ಸ್ಟಿಕ್ಕರ್ 1.5 ತೋರಿಸುವವರೆಗೆ ಡಯಲ್ ತಿರುಗಿಸಿದರು. ಡಯಲ್ 2.3ರ ಹತ್ತಿರ ನಿಂತಿತು.

ಈ ನಡುವೆ ಜರಡಿಗಳು. ಇಬ್ಬರ ಸೆಟ್ಟನ್ನೂ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಬೆಂಗಳೂರಿಗೆ ಕಳಿಸಬೇಕಿತ್ತು. ಕಳಿಸುವ ಹಿಂದಿನ ದಿನ ತೊಳೆದು ಒರೆಸಿ ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿದೆ. ಅಪರೂಪಕ್ಕೆ ಮಳೆ ನಿಂತು ಬಿಳಿ ಬೆಳಕು ಬಂದಿತ್ತು. 150 ಮೈಕ್ರಾನ್ ಜರಡಿಯ ಅಂಚಿನಲ್ಲಿ, ಜಾಲರಿ ಚೌಕಟ್ಟಿಗೆ ಬೆಸೆಯುವ ಕಡೆ, ಉಗುರಿನ ತುದಿಯಷ್ಟು ಜಾಗ ಉಳಿದದ್ದಕ್ಕಿಂತ ಬೆಳ್ಳಗೆ ಕಂಡಿತು. ಭೂತಗನ್ನಡಿ ಹಿಡಿದೆ. ಐದಾರು ತಂತಿ ಸರಿದು ಒಂದರ ಮೇಲೊಂದು ಕೂತಿದ್ದವು. ಎರಡು ತುಂಡಾಗಿದ್ದವು. ಜರಡಿಯ ಕಣ್ಣಿಗೆ ಸಿಕ್ಕಿಕೊಂಡ ಕಾಳು ಬಿಡಿಸಲು ನಾನು ಹಿತ್ತಾಳೆ ಬ್ರಷ್‌ನಿಂದ ಉಜ್ಜುತ್ತಿದ್ದೆ. ಅದರ ಗಾಯ ಅದು. ಇಷ್ಟು ನಯದ ಜರಡಿಗೆ ಒಂಟೆ ಕೂದಲಿನ ಮೆತ್ತನೆ ಬ್ರಷ್, ಅದೂ ಹಗುರಾಗಿ ಅಂತ ನಿಯಮದಲ್ಲೇ ಇದೆ.

ನಮ್ಮ 150ರ ಅಂಕಿ 14 ಬರುತ್ತಿತ್ತು, ಅವರದ್ದು 9. ಅವರದ್ದು ಕಡಿಮೆ ಯಾಕೆ ಅಂತ ಆಗಲೇ ಗೊತ್ತಾಗಿತ್ತು. ನಮ್ಮದು ಜಾಸ್ತಿ ಯಾಕೆ ಅಂತ ಅವತ್ತು ಗೊತ್ತಾಯಿತು. ಆ ಹರಿದ ಸಂದಿಯಿಂದ ದಪ್ಪ ಕಾಳೂ ಇಳಿಯುತ್ತಿತ್ತು. ಎಷ್ಟು ರಿಪೋರ್ಟ್‌ಗೆ ಸಹಿ ಹಾಕಿದ್ದೆನೋ ಅಂತ ಎದೆ ಹೊಡೆದುಕೊಂಡಿತು. ಸಂಜೆ ಹಳೆಯ ಫೈಲ್ ಎಲ್ಲ ತೆಗೆದು ಕೂತೆ. ಒಡೆದ ಕಲ್ಲಿನ ಮರಳಿಗೆ 150 ಮೈಕ್ರಾನ್‌ನಲ್ಲಿ ಶೇ. 20ರವರೆಗೆ ಅವಕಾಶ ಇದೆ. ಯಾವುದೂ ಆ ಗೆರೆ ದಾಟಿರಲಿಲ್ಲ. ಆದರೂ ಮರುದಿನ ಮಾಲೀಕರಿಗೂ ಕಾರವಾರದವರಿಗೂ ವಿಷಯ ತಿಳಿಸಿದೆ. ಮುಚ್ಚಿಟ್ಟರೆ ಜಂಟಿ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ.

ಜರಡಿಗಳು ವಾಪಸ್ ಬರಲು 16 ದಿನ. ಒಳ್ಳೆಯ ಜರಡಿಗಳಲ್ಲೂ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. 300 ಮೈಕ್ರಾನ್ ಅಂತ ಬರೆದ ಜರಡಿಯ ಕಣ್ಣಿನ ಸರಾಸರಿ 288ರಿಂದ 312ರವರೆಗೆ ಇದ್ದರೂ ಜರಡಿಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3310ರ ಪ್ರಕಾರ ಅದು ಪಾಸ್. ಒಬ್ಬರದ್ದು ಕೆಳಗಿನ ತುದಿ, ಇನ್ನೊಬ್ಬರದ್ದು ಮೇಲಿನ ತುದಿ ಆದರೆ ವ್ಯತ್ಯಾಸ ಕಾಣುತ್ತದೆ. ಸರ್ಟಿಫಿಕೇಟ್ ಬಂದಾಗ "ಪಾಸ್" ಅನ್ನುವ ಸೀಲ್ ನೋಡಿ ಫೈಲಿಗೆ ಹಾಕಬೇಡಿ. ಸರಾಸರಿ ಅಂಕಿ ಓದಿ, ಎದುರಿನವರದ್ದರ ಜೊತೆ ಹೋಲಿಸಿ. ಅದೃಷ್ಟಕ್ಕೆ ನಮ್ಮಿಬ್ಬರದ್ದೂ ಹತ್ತಿರವೇ ಇತ್ತು.

ಆಗಸ್ಟ್ ಎರಡನೇ ವಾರ ಕೊನೆಯ ಜಂಟಿ ಪರೀಕ್ಷೆ. ಜೂನ್‌ನಲ್ಲಿ ಸೀಲ್ ಮಾಡಿಟ್ಟ ಎರಡು ಪಾಲನ್ನು ಇಬ್ಬರ ಎದುರು ಒಡೆದೆವು. ಒಂದು ಅಂಕೋಲಾದಲ್ಲಿ, ಒಂದು ಕಾರವಾರದಲ್ಲಿ. ಕಾರವಾರದ ಪಾಲು ಓಡುವಾಗ ನಾನು ಅಲ್ಲೇ ಇದ್ದೆ. 15 ನಿಮಿಷ ಆ ಗುಂಯ್ ಶಬ್ದ ಕೇಳುತ್ತಾ ಯಾರೂ ಮಾತಾಡಲಿಲ್ಲ. ಎರಡು ಸಲ ಓಡಿಸಿ, ತೂಕ ಕೂಡಿಸಿ, ಮೊದಲು ಒಟ್ಟು ಸರಿಯಿದೆಯೇ ನೋಡಿದೆವು. ಹಾಕಿದ್ದಕ್ಕೂ ಬಂದದ್ದಕ್ಕೂ ಶೇ. 0.3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಪರೀಕ್ಷೆ ಎಣಿಕೆಗಿಲ್ಲ. 500.0 ಹಾಕಿದ್ದು, 499.4 ಬಂತು. 600 ಮೈಕ್ರಾನ್‌ನಲ್ಲಿ ಅವರದ್ದು 38.0, ನಮ್ಮದು 38.6. 150ರಲ್ಲಿ ಅವರದ್ದು 12.2, ಹೊಸ ಜರಡಿಯಲ್ಲಿ ನಮ್ಮದು 12.6.

ಲ್ಯಾಬ್ ಇಂಜಿನಿಯರ್ ಸಹಿ ಹಾಕಿ ಪೆನ್ನು ನನ್ನ ಕಡೆ ಚಾಚಿದರು. ನನ್ನ ಕೈ ಸ್ವಲ್ಪ ನಡುಗುತ್ತಿತ್ತು. ಮಾಸ್ತರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. "ಮರಳು ಬದಲಾಗಲಿಲ್ಲ ಅಲ್ವಾ ತಂಗಿ" ಅಂದರು.

ಖರ್ಚಿನ ಲೆಕ್ಕ ಕೇಳುವವರಿಗೆ, ನಮ್ಮ ಕಡೆಯದ್ದು: ಏಳು ಜರಡಿಯ ಕ್ಯಾಲಿಬ್ರೇಷನ್‌ಗೆ ತೆರಿಗೆ ಸೇರಿ 7,434 ರೂಪಾಯಿ, ಹೋಗಿ ಬರುವ ಕೊರಿಯರ್ 640, ಸರ್ಟಿಫಿಕೇಟ್ ಸಹಿತ ಹೊಸ 150 ಮೈಕ್ರಾನ್ ಜರಡಿಗೆ 2,800, ನಮ್ಮ ಮಿಷನ್‌ಗೂ ಒಂದು ಸ್ಟೆಬಿಲೈಜರ್ 4,200. ಬಸ್ಸು, ಕಾರು ಬೇರೆ. ವಾಪಸ್ ಬಂದ ಮೂರು ಗಾಡಿಯ ಬಾಡಿಗೆ ಇದೆಲ್ಲದಕ್ಕಿಂತ ಜಾಸ್ತಿ ಆಗಿತ್ತು.

ಈಗ ನಮ್ಮ ರಿಪೋರ್ಟ್‌ನ ಕೆಳಗೆ ಎರಡು ಸಾಲು ಹೆಚ್ಚಿಗೆ ಬರೆಯುತ್ತೇವೆ. ಎಷ್ಟು ಗ್ರಾಂ, ಎಷ್ಟು ಪಾಲಿನಲ್ಲಿ ಓಡಿಸಿದ್ದು. ಹೇರಿದ ಮೇಲೆ ಸ್ಟಿಕ್ಕರ್ ಅಳತೆ ಎಷ್ಟು, ಹರ್ಟ್ಸ್ ಎಷ್ಟು, ಜಿ ಎಷ್ಟು. ಎಷ್ಟು ನಿಮಿಷ, ಜರಡಿಗಳ ಸರ್ಟಿಫಿಕೇಟ್ ಯಾವ ತಾರೀಖಿನದು. ಕಾರವಾರದವರೂ ಅದೇ ನಮೂನೆ ಇಟ್ಟುಕೊಂಡಿದ್ದಾರೆ.

ಲ್ಯಾಬಿನ ಮೂಲೆಯಲ್ಲಿ ಒಂದು ಮುಚ್ಚಳದ ಡ್ರಮ್ ಇಟ್ಟಿದ್ದೇನೆ. ಒಂದೇ ದಿನದ ಮರಳನ್ನು ಒಣಗಿಸಿ, ರಿಫಲ್ ಬಾಕ್ಸ್‌ನಲ್ಲಿ ಪಾಲು ಮಾಡಿ, 500 ಗ್ರಾಂನ ಪ್ಯಾಕೆಟ್ ಕಟ್ಟಿ ಅದರಲ್ಲಿ ತುಂಬಿದ್ದೇನೆ. ಒಟ್ಟು 48 ಪ್ಯಾಕೆಟ್, ಅರ್ಧ ನಮಗೆ, ಅರ್ಧ ಅವರಿಗೆ. ಪ್ರತಿ ತಿಂಗಳ ಮೊದಲ ಸೋಮವಾರ ಇಬ್ಬರೂ ಒಂದೊಂದು ಒಡೆದು ಓಡಿಸಿ ಅಂಕಿ ಕಳಿಸಿಕೊಳ್ಳಬೇಕು ಅಂತ ಮಾತಾಗಿದೆ. ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಗಾಡಿ ಹೊರಡುವ ಮೊದಲೇ ಫೋನ್. ನಿನ್ನೆ ಮೊದಲ ಪ್ಯಾಕೆಟ್ ಒಡೆದೆ. ನಮ್ಮದು 38.3. ಕಾರವಾರದಿಂದ ಸಂಜೆ ಮೆಸೇಜ್ ಬಂತು, 38.1.